ಸ್ವಂತ ಸರ್ವರ್‌ನ ಮೇಲ್ ಇನ್‌ಬಾಕ್ಸ್‌ಗೇ ಬೀಳ್ತಿದೆ: ತುಮಕೂರಿನಿಂದ ನನ್ನ ಅನುಭವ

ಸ್ವಂತ ಮೇಲ್ ಸರ್ವರ್ ಇಟ್ಟರೆ ಎಲ್ಲ ಸ್ಪ್ಯಾಮ್‌ಗೇ ಹೋಗುತ್ತೆ, ಸುಮ್ನೆ ದುಡ್ಡು ಕೊಟ್ಟು ದೊಡ್ಡ ಕಂಪನಿಯ ಸರ್ವೀಸ್ ತಗೋ ಅಂತ ನನಗೆ ಹೇಳದವರೇ ಇಲ್ಲ. ಬೆಂಗಳೂರಲ್ಲಿ ಇದೇ ಕೆಲಸ ಮಾಡೋ ಗೆಳೆಯನಂತೂ "ಗುರೂ, ಅದರ ಸಹವಾಸವೇ ಬೇಡ" ಅಂದಿದ್ದ. ಈಗ ವರ್ಷದ ಮೇಲಾಯ್ತು. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಎರಡು ಯೂನಿಟ್, ತುಮಕೂರು ಪೇಟೆಯ ಒಂದು ಹುಣಸೆಹಣ್ಣಿನ ಮಂಡಿ, ತಿಪಟೂರಿನ ಒಂದು ಕೊಬ್ಬರಿ ಮಂಡಿ, ಇಷ್ಟೂ ಜನರ ಮೇಲ್ ನನ್ನ ಒಂದೇ ವಿಪಿಎಸ್‌ನಿಂದ (ಬಾಡಿಗೆಗೆ ಸಿಗೋ ವರ್ಚುವಲ್ ಸರ್ವರ್) ಹೊರಡುತ್ತೆ, ನೇರ ಇನ್‌ಬಾಕ್ಸ್‌ಗೆ ಬೀಳುತ್ತೆ.

ಮೊದಲು ದುಡ್ಡಿನ ಮಾತು. ನಾಲ್ಕೂ ಕಡೆ ಸೇರಿ ಸುಮಾರು 40 ಮೇಲ್‌ಬಾಕ್ಸ್. ಬಾಡಿಗೆ ಸರ್ವೀಸ್ ಆಗಿದ್ದರೆ ಬಾಕ್ಸ್‌ಗೆ ತಿಂಗಳಿಗೆ 130 ರೂಪಾಯಿ ಹಿಡಿದರೂ ವರ್ಷಕ್ಕೆ 60 ಸಾವಿರ ದಾಟುತ್ತೆ. ನನ್ನ ವಿಪಿಎಸ್ಸು, ಬ್ಯಾಕಪ್ಪು ಎರಡೂ ಸೇರಿ ತಿಂಗಳಿಗೆ 800ರ ಆಸುಪಾಸು, ಅಂದರೆ ವರ್ಷಕ್ಕೆ 10 ಸಾವಿರದೊಳಗೆ. ಉಳಿದಿದ್ದರಲ್ಲಿ ನನ್ನ ಕೂಲಿಯೂ ಬಂತು, ಅವರಿಗೂ ಅರ್ಧಕ್ಕರ್ಧ ಉಳೀತು.

ಡಿಎನ್‌ಎಸ್‌ಗೆ (ಡೊಮೇನ್‌ನ ವಿವರಗಳನ್ನು ಇಡೋ ಇಂಟರ್ನೆಟ್ ದಾಖಲೆ) ಕೈ ಹಾಕುವ ಮುಂಚೆ ಐಪಿ, ಅಂದರೆ ಸರ್ವರ್‌ನ ಇಂಟರ್ನೆಟ್ ವಿಳಾಸ ನೋಡಿ. ಹಿಂದೆ ಯಾರೋ ಸ್ಪ್ಯಾಮ್ ಕಳಿಸಿ ಕೆಡಿಸಿದ ಐಪಿ ಸಿಕ್ಕರೆ ಯಾವ ರೆಕಾರ್ಡ್ ಬರೆದರೂ ದಂಡ. ಗಂಟೆ ಲೆಕ್ಕದ ವಿಪಿಎಸ್ ತಗೊಂಡು, ಬ್ಲ್ಯಾಕ್‌ಲಿಸ್ಟ್‌ಗಳಲ್ಲಿ ಹುಡುಕಿ, ಹೆಸರಿದ್ದರೆ ಆಗಲೇ ಡಿಲೀಟ್ ಮಾಡಿ ಇನ್ನೊಂದು ತಗೊಳ್ಳಿ. ಒಂದೊಂದಕ್ಕೆ ಒಂದೆರಡು ರೂಪಾಯಿ ಖರ್ಚು, ಅಷ್ಟೇ. ನಾನು ಹಾಗೆ ಬೇಕಾದಷ್ಟು ಎಸೆದ ಮೇಲೆ ಒಂದು ಒಳ್ಳೆಯದು ಸಿಕ್ಕಿತು. ಪೋರ್ಟ್ 25 (ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗೋ ದಾರಿ) ಬಿಡ್ತಾರಾ, ಪಿಟಿಆರ್ (ಈ ಐಪಿ ಯಾವ ಹೆಸರಿನದು ಅಂತ ಹೇಳೋ ರೆಕಾರ್ಡ್) ನಮ್ಮ ಕೈಗೆ ಕೊಡ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಪಿಟಿಆರ್ ಇರೋದು ಐಪಿ ಕೊಟ್ಟವರ ಹತ್ತಿರ. ಡೊಮೇನ್ ಪ್ಯಾನಲ್‌ನಲ್ಲಿ ಹುಡುಕಿದರೆ ಸಿಗಲ್ಲ. ಐಪಿ ಕೇಳಿದರೆ ಸರ್ವರ್ ಹೆಸರು ಬರಬೇಕು, ಆ ಹೆಸರು ಕೇಳಿದರೆ ಅದೇ ಐಪಿ ಬರಬೇಕು, ಪೋಸ್ಟ್‌ಫಿಕ್ಸ್ (ಮೇಲ್ ಕಳಿಸೋ ಸಾಫ್ಟ್‌ವೇರ್) ಆ ಕಡೆಯ ಸರ್ವರ್‌ಗೆ ಮೊದಲು ಹೇಳೋ ಹೆಲೋದಲ್ಲೂ ಅದೇ ಹೆಸರು ಹೇಳಬೇಕು. ಮೂರೂ ಒಂದೇ ಆಗದೆ ಮುಂದಕ್ಕೆ ಹೋಗಬೇಡಿ.

ಇಷ್ಟಾದರೂ ಮೊದಮೊದಲು ಕೆಲವು ಮೇಲ್ ಹೋಗೋದು, ಕೆಲವು 550 (ತಗೊಳ್ಳಲ್ಲ ಅನ್ನೋ ಕೋಡ್) ಅಂತ ವಾಪಸ್ ಬರೋದು. ತಿಪಟೂರಿನ ಸಾಹುಕಾರ್ರು ಹರಾಜಿನ ದಿನವೇ ಫೋನ್ ಮಾಡಿ "ಏನಪ್ಪಾ, ದೆಹಲಿ ಪಾರ್ಟಿಗೆ ಬಿಲ್ಲೇ ಹೋಗಿಲ್ವಂತೆ, ಲಾರಿ ಲೋಡಾಗಿ ನಿಂತದೆ" ಅಂದ್ರು. ಲಾಗ್ ಬಿಚ್ಚಿ ನೋಡಿದರೆ ವಾಪಸ್ ಬಂದವೆಲ್ಲ ಐಪಿವಿ6ನಲ್ಲಿ (ಹೊಸ ಬಗೆಯ ಐಪಿ, ಹಳೆಯದು ಐಪಿವಿ4) ಹೊರಟಿದ್ದವು. ಅದಕ್ಕೆ ಪಿಟಿಆರ್ ಇರಲಿಲ್ಲ, ಪಿಟಿಆರ್ ಇಲ್ಲದ ಐಪಿವಿ6 ಮೇಲನ್ನು ಜಿಮೇಲ್ ತಗೊಳ್ಳಲ್ಲ. ಪೋಸ್ಟ್‌ಫಿಕ್ಸ್‌ಗೆ ಐಪಿವಿ4 ಮಾತ್ರ ಅಂತ ಹೇಳಿ ಆ ತಲೆನೋವು ಮುಗಿಸಿದೆ.

ಎಸ್‌ಪಿಎಫ್ (ಈ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನೋ ಡಿಎನ್‌ಎಸ್ ಸಾಲು) ಈ ಕೆಲಸದವರಿಗೆಲ್ಲ ಗೊತ್ತು, ಆದರೂ ಪ್ರತಿ ಡೊಮೇನ್‌ನಲ್ಲೂ ಗಲೀಜು ಇದ್ದೇ ಇತ್ತು. ಒಂದು ಯೂನಿಟ್‌ನಲ್ಲಿ ಹಳೇ ಹೋಸ್ಟಿಂಗ್‌ನವರದ್ದೊಂದು, ಬಿಲ್ಲಿಂಗ್ ಸಾಫ್ಟ್‌ವೇರ್‌ನವರದ್ದೊಂದು, ಎರಡು ಎಸ್‌ಪಿಎಫ್ ಸಾಲು. ಎರಡಿದ್ದರೆ ಎರಡೂ ಇಲ್ಲದ ಹಾಗೆ, ಪರ್ಮ್‌ಎರರ್, ಅಂದರೆ ರೆಕಾರ್ಡೇ ತಪ್ಪು ಅನ್ನೋ ಉತ್ತರ. ಒಂದೇ ಸಾಲಿಗೆ ಸೇರಿಸಿದರೆ ಇನ್‌ಕ್ಲೂಡ್ (ಬೇರೆಯವರ ಪಟ್ಟಿಯನ್ನು ಸೇರಿಸೋ ಪದ) ಒಳಗೆ ಇನ್‌ಕ್ಲೂಡ್ ಬಿಚ್ಚಿಕೊಂಡು ಲುಕಪ್ (ಡಿಎನ್‌ಎಸ್ ಹುಡುಕಾಟ) 10ರ ಮಿತಿ ದಾಟಿತು. ಬಳಸದ ಇನ್‌ಕ್ಲೂಡ್ ಕಿತ್ತು, ನನ್ನ ಸರ್ವರನ್ನು ಐಪಿ4 ಅಂತ ನೇರ ಬರೆದೆ, ಅದು ಲುಕಪ್ ಲೆಕ್ಕಕ್ಕೆ ಬರಲ್ಲ. ಸಾಲಿನ ಕೊನೆಗೆ ಮೈನಸ್ ಆಲ್ (ಪಟ್ಟಿಯಲ್ಲಿಲ್ಲದ್ದನ್ನು ತಿರಸ್ಕರಿಸು) ಹಾಕಬೇಕೋ ಟಿಲ್ಡ ಆಲ್ (ಅನುಮಾನದಿಂದ ನೋಡು) ಹಾಕಬೇಕೋ ಅಂತ ಜಗಳ ಆಡ್ತಾರೆ. ಡಿಮಾರ್ಕ್ (ಮೇಲ್ ಪರೀಕ್ಷೆಯಲ್ಲಿ ಫೇಲಾದರೆ ಏನು ಮಾಡಬೇಕು ಅಂತ ಡೊಮೇನ್ ಹೇಳೋ ನಿಯಮ) ಗಟ್ಟಿಯಾಗಿದ್ದರೆ ಟಿಲ್ಡವೇ ಸಾಕು ಅನ್ನೋದು ನನ್ನ ಅಭಿಪ್ರಾಯ.

ಹೆಚ್ಚು ಸತಾಯಿಸಿದ್ದು ಡಿಕಿಮ್, ಅಂದರೆ ಮೇಲ್‌ಗೆ ಹಾಕೋ ಡಿಜಿಟಲ್ ಸಹಿ. ಅದನ್ನು ಪರೀಕ್ಷಿಸೋ ಪಬ್ಲಿಕ್ ಕೀ ಡಿಎನ್‌ಎಸ್‌ನಲ್ಲಿರುತ್ತೆ. ಸರ್ವರ್ ಸರಿಯಾಗೇ ಸೈನ್ ಮಾಡ್ತಿದೆ, ಆ ಕಡೆ ಫೇಲ್ ಅಂತಲೇ ಬರ್ತಿದೆ. ಡಿಗ್ (ಡಿಎನ್‌ಎಸ್ ಕೇಳೋ ಕಮಾಂಡ್) ಹೊಡೆದು ರೆಕಾರ್ಡನ್ನು ಅಕ್ಷರ ಅಕ್ಷರ ನೋಡಿದೆ. 2048 ಬಿಟ್‌ನ ಪಬ್ಲಿಕ್ ಕೀ 390 ಅಕ್ಷರದ ಹತ್ತಿರ ಇರುತ್ತೆ, ಕೊನೆಗೆ ಎ-ಕ್ಯೂ-ಎ-ಬಿ ಅಂತ ಮುಗಿಯುತ್ತೆ. ಇಲ್ಲಿ ಆ ನಾಲ್ಕಕ್ಷರವೇ ಇಲ್ಲ, ಸಾಲು ಮಧ್ಯಕ್ಕೇ ತುಂಡಾಗಿ ನಿಂತಿದೆ. ಟಿಎಕ್ಸ್‌ಟಿಯ (ಡಿಎನ್‌ಎಸ್‌ನ ಪಠ್ಯ ರೆಕಾರ್ಡ್) ಒಂದು ತುಣುಕಿಗೆ 255 ಅಕ್ಷರದ ಮಿತಿ. ಎರಡು ತುಣುಕು ಮಾಡಿ ಬೇರೆ ಬೇರೆ ಕೋಟ್ ಒಳಗೆ ಕೊಡಬೇಕು. ಡೊಮೇನ್ ಮಾರಿದವರ ಪ್ಯಾನಲ್ ಅದನ್ನೂ ಒಪ್ಪದೆ, ಒಂದು ಮಾತೂ ಹೇಳದೆ ಬಾಲ ಕತ್ತರಿಸಿ ಸೇವ್ ಮಾಡಿತ್ತು. ಸಪೋರ್ಟ್‌ಗೆ ಬರೆದರೆ "24 ಗಂಟೆ ಕಾಯಿರಿ" ಅನ್ನೋ ಒಂದೇ ಉತ್ತರ. ಅವರ ಜೊತೆ ಹೊಡೆದಾಡೋದು ಬಿಟ್ಟು ನೇಮ್‌ಸರ್ವರನ್ನೇ (ಡಿಎನ್‌ಎಸ್ ರೆಕಾರ್ಡ್ ಇಡೋ ಸರ್ವರ್) ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನ್‌ಗೆ ಬದಲಾಯಿಸಿದೆ. ಅವತ್ತೇ ಸಂಜೆ ಪಾಸ್ ಅಂತ ಬಂತು.

ಇದರ ಜೊತೆಗೆ ಇನ್ನೆರಡು ಪ್ರಯೋಗ ಮಾಡಿದೆ. ಒಂದು, ಅಂಗಡಿಯ ಫೈಬರ್ ಲೈನ್‌ನಲ್ಲೇ ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಟ್ಟು ಕಳಿಸೋದು. ಆಗಲ್ಲ. ಮನೆ, ಅಂಗಡಿ ಲೈನಿನ ಐಪಿಗಳು ಸ್ಪ್ಯಾಮ್‌ಹೌಸ್ ಅನ್ನೋ ಬ್ಲ್ಯಾಕ್‌ಲಿಸ್ಟ್ ಸಂಸ್ಥೆಯ ಪಿಬಿಎಲ್ ಪಟ್ಟಿಯಲ್ಲಿ (ನೇರ ಮೇಲ್ ಕಳಿಸಬಾರದ ಐಪಿಗಳು) ಸಾಮಾನ್ಯವಾಗಿ ಇದ್ದೇ ಇರುತ್ತವೆ, ಅದು ಅವುಗಳ ತಪ್ಪೂ ಅಲ್ಲ. ಇನ್ನೊಂದು, ಕನ್ನಡದಲ್ಲಿ ಸಬ್ಜೆಕ್ಟ್ ಇದ್ದರೆ ಸ್ಪ್ಯಾಮ್‌ಗೆ ಹೋಗುತ್ತೆ ಅಂತ ಹುಣಸೆ ಮಂಡಿಯ ಗುಮಾಸ್ತರು ಹಟ ಹಿಡಿದಿದ್ದರು. ನೋಡಿದರೆ ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ಸಬ್ಜೆಕ್ಟನ್ನು ಎನ್‌ಕೋಡ್ ಮಾಡದೆ ಹಸಿಹಸಿಯಾಗಿ ಹೆಡರ್‌ಗೆ ತುರುಕುತ್ತಿತ್ತು. ಯುಟಿಎಫ್-8 ಬೇಸ್64ಗೆ ತಿರುಗಿಸಿದ ಮೇಲೆ ಒಂದೇ ಬಿಲ್ಲನ್ನು ಕನ್ನಡದಲ್ಲೂ ಇಂಗ್ಲಿಷಲ್ಲೂ ಹತ್ತಾರು ಐಡಿಗೆ ಕಳಿಸಿದೆ. ಕನ್ನಡದ್ದೂ ಇನ್‌ಬಾಕ್ಸ್‌ಗೇ ಬಿತ್ತು. ಧೈರ್ಯವಾಗಿ ಕನ್ನಡದಲ್ಲೇ ಬರೀರಿ.

ಒಳಗೆ ಬರುವ ಮೇಲಿಗೆ ಸ್ಪ್ಯಾಮ್‌ಹೌಸ್ ಪಟ್ಟಿ ಬಳಸುವವರು ಸರ್ವರ್‌ನಲ್ಲಿ ಸ್ವಂತ ಅನ್‌ಬೌಂಡ್ (ಡಿಎನ್‌ಎಸ್ ಉತ್ತರ ಹುಡುಕೋ ಸಾಫ್ಟ್‌ವೇರ್) ಹಾಕಿಕೊಳ್ಳಿ. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ 8.8.8.8 ಮೂಲಕ ಕೇಳಿದರೆ 127.255.255.254 ಅನ್ನೋ ಎರರ್ ಕೋಡ್ ಬರುತ್ತೆ. ಪೋಸ್ಟ್‌ಫಿಕ್ಸ್ ಅದನ್ನೇ ಬ್ಲಾಕ್ ಅಂದುಕೊಂಡರೆ ಒಳ್ಳೆಯ ಮೇಲೂ ಬಾಗಿಲಲ್ಲೇ ವಾಪಸ್.

2024ರ ಫೆಬ್ರವರಿಯಿಂದ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಜಿಮೇಲ್‌ಗೆ ಕಳಿಸುವವರಿಗೆ ಡಿಮಾರ್ಕ್ ಕಡ್ಡಾಯ. ನಮ್ಮದು ದಿನಕ್ಕೆ ಕೆಲವು ನೂರು, ಆದರೂ ಹಾಕಿದೆ. ಮೊದಲು ಪಾಲಿಸಿ ‘ನನ್’ (none, ಏನೂ ಮಾಡಬೇಡ, ರಿಪೋರ್ಟ್ ಮಾತ್ರ ಕೊಡು) ಇಟ್ಟು ರಿಪೋರ್ಟ್ ತರಿಸಿಕೊಂಡೆ. ಎಕ್ಸ್‌ಎಂಎಲ್ ಕಣ್ಣಲ್ಲಿ ಓದೋಕಾಗಲ್ಲ, ಪೈಥಾನ್‌ನಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೆದುಕೊಂಡೆ. ಒಂದು ಯೂನಿಟ್‌ನ ಹೆಸರಲ್ಲಿ ನನಗೆ ಗೊತ್ತೇ ಇಲ್ಲದ ಸರ್ವರ್‌ನಿಂದ ಮೇಲ್ ಹೋಗ್ತಿತ್ತು, ವಿಚಾರಿಸಿದರೆ ಅವರ ಅಕೌಂಟೆಂಟೇ ಯಾವುದೋ ಬಲ್ಕ್ ಸರ್ವೀಸ್‌ನಿಂದ ಬಾಕಿ ನೆನಪಿಸ್ತಿದ್ದಾರೆ. ಅದನ್ನು ನನ್ನ ಸರ್ವರ್ ಮೂಲಕ ತಿರುಗಿಸಿದೆ. ಫಾರ್ವರ್ಡ್ ಆದ ಮೇಲ್‌ಗಳಲ್ಲಿ ಎಸ್‌ಪಿಎಫ್ ಬಿದ್ದುಹೋದರೂ ಡಿಕಿಮ್ ಹಿಡಿದು ನಿಲ್ಲಿಸಿದ್ದು ಅದೇ ರಿಪೋರ್ಟ್‌ನಲ್ಲಿ ಕಾಣಿಸಿತು. ಆಮೇಲೆ ಕ್ವಾರಂಟೈನ್ (ಫೇಲಾದದ್ದು ಸ್ಪ್ಯಾಮ್‌ಗೆ), ಈಗ ನಾಲ್ಕೂ ಡೊಮೇನ್ ರಿಜೆಕ್ಟ್‌ನಲ್ಲಿವೆ (ಫೇಲಾದದ್ದು ವಾಪಸ್).

ಹೊಸ ಐಪಿಯಿಂದ ದಿನಕ್ಕೆ ಎಷ್ಟರಿಂದ ಶುರು ಮಾಡಿ ಹೇಗೆ ಏರಿಸಿದೆ, ಮೊದಲ ವಾರ ಯಾರ್‍ಯಾರಿಗೆ ಕಳಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಅನ್ನದ ಗುಟ್ಟು. ಡಿಕಿಮ್ ಕೀ ಬದಲಾಯಿಸುವಾಗ ಮಾತ್ರ ಹಳೇ ಸೆಲೆಕ್ಟರ್‌ನ (ಡಿಎನ್‌ಎಸ್‌ನಲ್ಲಿ ಆ ಕೀಯ ಹೆಸರು) ರೆಕಾರ್ಡನ್ನು ವಾರದ ಮೇಲೆ ಹಾಗೇ ಬಿಟ್ಟಿರಿ. ಕ್ಯೂನಲ್ಲಿ ಸಿಕ್ಕಿಕೊಂಡು ತಡವಾಗಿ ತಲುಪುವ ಮೇಲ್‌ಗಳು ಹಳೇ ಕೀಯಲ್ಲೇ ಸೈನ್ ಆಗಿರುತ್ತವೆ.