ಖಟ್ಲೆ ವಿಷಯ ಊರಿಗೆ ತಿಳಿಯುವಂತೆ ಬರೆಯುವುದು ಹೇಗೆ?

ಬೆಳಗಾವಿ ಕೋರ್ಟಿನ ಹತ್ತಿರ ಚಹಾ ಕುಡಿಯುತ್ತಿದ್ದೆ. ಗೋಕಾಕ ಕಡೆಯ ಬೆಲ್ಲದ ವ್ಯಾಪಾರಿಯೊಬ್ಬರು ಮಡಚಿದ ಚೀಟಿ ಕೈಗಿಟ್ಟರು. ಬ್ಯಾಂಕಿನ ಮೆಮೊ. "ಸಾಹೇಬ್ರ, ಚೆಕ್ ವಾಪಸ್ ಬಂದೈತ್ರಿ. ಇನ್ನ ಎಷ್ಟ್ ದಿನ ಅದಾವ?" ಹಿಂದಿನ ವಾರವಷ್ಟೇ ಚೆಕ್ ಬೌನ್ಸ್ ಬಗ್ಗೆ ಎರಡು ಪುಟ ಬರೆದು ಬೀಗಿದ್ದೆ. ಈ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇರಲಿಲ್ಲ!

ಹಾಗಾಗಿ ವಕೀಲ ಮಿತ್ರರೇ, ಮೊದಲ ಸಾಲಿನಲ್ಲೇ ಕಕ್ಷಿದಾರರ ಪ್ರಶ್ನೆ ಬರಲಿ. ಚೆಕ್ ಬೌನ್ಸ್‌ನ 138ನೇ ಕಲಮಿನ ಇತಿಹಾಸ ಯಾರಿಗೂ ಬೇಡ.

ಆಮೇಲೆ ತಾರೀಖು ಹಾಕಿ ಲೆಕ್ಕ ತೋರಿಸಿ. ಮಾರ್ಚ್ 3ಕ್ಕೆ ಮೆಮೊ ಕೈಸೇರಿತು ಎನ್ನೋಣ. 30 ದಿನದೊಳಗೆ, ಅಂದರೆ ಏಪ್ರಿಲ್ 2ರೊಳಗೆ ನೋಟಿಸ್ ಕಳಿಸಬೇಕು. ಅದು ಚೆಕ್ ಕೊಟ್ಟವರಿಗೆ ಏಪ್ರಿಲ್ 5ಕ್ಕೆ ಮುಟ್ಟಿದರೆ, ದುಡ್ಡು ಕೊಡಲು 20ರವರೆಗೆ 15 ದಿನ ಅವಕಾಶ. ಕೊಡದಿದ್ದರೆ, ಅದಾದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. "ನಿಗದಿತ ಕಾಲಾವಧಿಯಲ್ಲಿ" ಎಂದು ಸುಮ್ನೆ ಬರೆದರೆ ಯಾರಿಗೆ ಏನು ತಿಳಿಯುತ್ತೆ?

ತೀರ್ಪಿನ ಬಗ್ಗೆ ಬರೆಯುವುದಾದರೆ ಮೂಲವನ್ನೇ ಪೂರ್ತಿ ಓದಿ. ಕರ್ನಾಟಕ ಹೈಕೋರ್ಟ್ ತೀರ್ಪಿನ ಸಂಖ್ಯೆಯಲ್ಲಿ 'ಕೆಎಚ್‌ಸಿ-ಡಿ' ಇದ್ದರೆ ಧಾರವಾಡ ಪೀಠದ್ದು, 'ಕೆಎಚ್‌ಸಿ-ಕೆ' ಇದ್ದರೆ ಕಲಬುರಗಿಯದ್ದು. ಕೋರ್ಟ್ ನಿರ್ಬಂಧ ಹಾಕಿರದಿದ್ದರೆ ತೀರ್ಪಿನ ಮಾತನ್ನು ಹಾಗೇ ಎತ್ತಿ ಬರೆಯಬಹುದು. ಕಾನೂನು ಪತ್ರಿಕೆಯವರು ಬರೆದ ಸಾರಾಂಶ ಮಾತ್ರ ಅವರ ಸ್ವತ್ತು. 2007ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ಕಲಮಿನ ಸಂಖ್ಯೆ ಹಳೆಯದು, ಹೊಸದು ಎರಡನ್ನೂ ಕೊಡಿ. 2024ರ ಜುಲೈ 1ರಿಂದ ವಂಚನೆ ಹಳೆಯ ದಂಡ ಸಂಹಿತೆಯ (ಐಪಿಸಿ) 420ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿಗೆ ಹೋಗಿದೆ. ಆದರೆ ನಮ್ಮ ಜನ "ಫೋರ್ ಟ್ವೆಂಟಿ" ಅಂತ ಬೈಯುವುದನ್ನು ಬಿಡ್ತಾರಾ?

ಅತ್ಯಾಚಾರದ ಪ್ರಕರಣವಾದರೆ ಸಂತ್ರಸ್ತೆಯ ಹೆಸರಷ್ಟೇ ಅಲ್ಲ, ಓಣಿ, ಶಾಲೆ, ಗುರುತು ಹತ್ತುವ ಯಾವುದೂ ಬೇಡ. ಎರಡು ವರ್ಷದವರೆಗೆ ಜೈಲು ಆಗಬಹುದು. ಇನ್ನು ಲೇಖನದ ಕೊನೆಗೆ "ಸಂಪರ್ಕಿಸಿ" ಎಂದು ಫೋನ್ ನಂಬರ್ ಹಾಕಬೇಡಿ. ವಕೀಲರು ಜಾಹೀರಾತು ಮಾಡುವಂತಿಲ್ಲ ಎನ್ನುತ್ತದೆ ಬಾರ್ ಕೌನ್ಸಿಲ್‌ನ 36ನೇ ನಿಯಮ.

ಅಚ್ಚಿಗೆ ಕಳಿಸುವ ಮೊದಲು ವಕೀಲರಲ್ಲದ ಒಬ್ಬರಿಗೆ ಓದಿ ಹೇಳಿ. ನಾನು ಅದೇ ವ್ಯಾಪಾರಿಗೆ ಓದಿದೆ. "ಎಲ್ಲಾ ಛಲೋ ಐತ್ರಿ. ಖಟ್ಲೆಗೆ ಹುಬ್ಬಳ್ಳಿಗೆ ಅಡ್ಡಾಡಬೇಕೇನ್ರಿ?" ಎಂದರು. ಚೆಕ್ ಕೊಟ್ಟವರು ಹುಬ್ಬಳ್ಳಿಯವರು, ಇವರ ಖಾತೆ ಇರುವುದು ಗೋಕಾಕದಲ್ಲಿ. ಅಲ್ಲೇ ಕೂತು ಒಂದು ಸಾಲು ಸೇರಿಸಿದೆ: 2015ರ ತಿದ್ದುಪಡಿಯ ಪ್ರಕಾರ, ಚೆಕ್ ಖಾತೆಗೆ ಹಾಕಿದ್ದರೆ ಖಟ್ಲೆ ನಿಮ್ಮ ಖಾತೆ ಇರುವ ಶಾಖೆಯ ಊರಿನಲ್ಲೇ.