ಅಡಕೆ ತೋಟದಲ್ಲಿ ಒಲಿಂಪಸ್ ಎಕ್ಸ್‌ಎ ಫೋಕಸ್ ಮಾಡೋದು

ಹಳೇ ಎಕ್ಸ್‌ಎ, ಅಂದ್ರೆ ಒಲಿಂಪಸ್‌ನ ಪುಟ್ಟ ಫಿಲ್ಮ್ ಕ್ಯಾಮೆರಾ, ಕೈಗೆ ಸಿಕ್ಕಿದ್ರೆ ಮೊದಲು ವಾಚ್ ರಿಪೇರಿ ಅಂಗಡಿಗೆ ಹೋಗಿ ಎಲ್‌ಆರ್44 ಸೆಲ್ ಎರಡು ತಗೊಳಿ, ಎಸ್‌ಆರ್44 ಸಿಕ್ರೆ ಇನ್ನೂ ಒಳ್ಳೇದು. 1979ರ ಈ ಕ್ಯಾಮೆರಾದಲ್ಲಿ ಸೆಲ್ ಇಲ್ದೆ ಶಟರ್ ಬೀಳೋದೇ ಇಲ್ಲ. ಕೆಂಪು ಬಟನ್ ಬಗ್ಗೆ ಹುಷಾರು, ಬೆರಳು ಸೋಕಿದ್ರೆ ಸಾಕು ಕ್ಲಿಕ್! ನನ್ನ ಮೊದಲ ರೋಲಲ್ಲಿ ಐದಾರು ಫೋಟೊ ಬರೀ ನನ್ನ ಚಪ್ಪಲಿದು. ತೆಗೆಯೋ ಹೊತ್ತು ಬರೋ ತನಕ ಲೆನ್ಸ್ ಮುಂದಿನ ಮುಚ್ಚಳ ಸರಿಸ್ಲೇಬೇಡಿ.

ಇನ್ನು ಫೋಕಸ್. ವ್ಯೂಫೈಂಡರ್ ಮಧ್ಯ ಒಂದು ಮಸುಕು ಚೌಕ ಕಾಣುತ್ತೆ, ಲೆನ್ಸ್ ಕೆಳಗಿನ ಸಣ್ಣ ಲಿವರ್ ಸರಿಸ್ತಾ ಅದರಲ್ಲಿರೋ ಎರಡು ಬಿಂಬ ಒಂದಾಗೋ ಹಾಗೆ ಮಾಡ್ಬೇಕು. ಬಿಂಬ ಸರಿಯೋದು ಅಡ್ಡಡ್ಡ, ಹಂಗಾಗಿ ಉದ್ದಕ್ಕೆ ನಿಂತ ಗೆರೆ ಬೇಕು, ಅಡಕೆ ಮರ ಅಂದ್ರೆ ಇದಕ್ಕೇ ಹುಟ್ಟಿದ್ದು ಅಂತ ನಾನೂ ಅಂದ್ಕೊಂಡಿದ್ದೆ ಮಾರಾಯ್ರೆ, ಆದ್ರೆ ತೋಟದಲ್ಲಿ ಎಲ್ಲಾ ಮರನೂ ಒಂದೇ ಥರ, ಪಕ್ಕದ ಮರದ ಬಿಂಬ ಬಂದು ಈ ಮರದ ಮೇಲೆ ಕೂತ್ಕೊಂಡ್ರೆ ಸರಿಯಾಯ್ತು ಅಂತ ಹೊಡೆದುಬಿಡ್ತೀವಿ, ಪ್ರಿಂಟ್ ಬಂದಾಗ ಮರದ ಹತ್ರ ನಿಂತ ಅಜ್ಜನ ಮುಖ ಮಸುಕು, ಹಿಂದಿನ ಮರ ಸ್ಪಷ್ಟ.

ಅದಕ್ಕೆ ಮರದ ಮೇಲೆ ಫೋಕಸ್ ಮಾಡ್ಬೇಡಿ, ಮರಕ್ಕೆ ಆನಿಸಿಟ್ಟ ಕತ್ತಿ ಹಿಡಿನೋ, ಜನರ ಮೂಗಿನ ಅಂಚೋ, ಎಂತದಾದ್ರೂ ಒಂಟಿ ಗೆರೆ ಹುಡುಕಿ. ಇನ್ನೂ ಸುಲಭದ್ದು ಒಂದಿದೆ. ಸಾಲು ಹಿಡಿದು ನೆಟ್ಟ ತೋಟ ಆದ್ರೆ ಮರದಿಂದ ಮರಕ್ಕೆ ಸುಮಾರು ಒಂಬತ್ತು ಅಡಿ, ಅಂದ್ರೆ 2.7 ಮೀಟರ್. ನೀವು ಒಂದು ಮರದ ಹತ್ರ, ಫೋಟೊಗೆ ನಿಲ್ಲೋರು ಮುಂದಿನ ಮರದ ಹತ್ರ ನಿಂತ್ರೆ ಫೋಕಸ್ ಸ್ಕೇಲನ್ನ 3 ಮೀಟರಿಗೆ, ಅಪರ್ಚರ್‌ನ (ಲೆನ್ಸಲ್ಲಿ ಬೆಳಕು ಬಿಡೋ ಕಿಂಡಿ) 5.6ಕ್ಕೆ ಇಡಿ, ಸುಮಾರು 2 ಮೀಟರಿಂದ 5 ಮೀಟರ್ ತನಕ ಎಲ್ಲಾ ಶಾರ್ಪು, ಚೌಕ ನೋಡೋದೇ ಬೇಡ. ಹಂಚಿನ ಮಾಡಿನ ಅಂಚಿನ ಥರ ಅಡ್ಡ ಗೆರೆ ಆದ್ರೆ ಕ್ಯಾಮೆರಾನ ಉದ್ದಕ್ಕೆ ತಿರುಗಿಸಿ ಫೋಕಸ್ ಮಾಡ್ಕೊಳಿ, ಆಮೇಲೆ ಅಡ್ಡ ಹಿಡೀರಿ.

ತೋಟದೊಳಗೆ ಬೆಳಕು ಕಡಿಮೆ, ಐಎಸ್‌ಒ 400ರ ಫಿಲ್ಮ್ ರೋಲೇ ಹಾಕಿ. ವ್ಯೂಫೈಂಡರ್ ಒಳಗೆ ಶಟರ್ ವೇಗ ತೋರ್ಸೋ ಮುಳ್ಳು 30ಕ್ಕಿಂತ (ಸೆಕೆಂಡಿನ 1/30) ಕೆಳಗೆ ಇಳಿದ್ರೆ ಅಪರ್ಚರ್‌ನ 2.8ಕ್ಕೆ ತೆರೆದು ಮರಕ್ಕೆ ಒರಗಿ ನಿಂತ್ಕೊಳಿ, ಆಗ ಮಾತ್ರ ಚೌಕ ನಂಬ್ಲೇಬೇಕು. ಸೋಗೆ ಸಂದೀಲಿ ಬಿಳಿ ಆಕಾಶ ಜಾಸ್ತಿ ಕಂಡ್ರೆ ಮೀಟರ್ ಮೋಸ ಹೋಗಿ ಮುಖ ಕಪ್ಪಾಗುತ್ತೆ. ಕ್ಯಾಮೆರಾ ತಳದ ಲಿವರ್ನ +1.5ಕ್ಕೆ ಹಾಕಿ, ಬೆಳಕು ಜಾಸ್ತಿ ತಗೊಳ್ಳುತ್ತೆ, ಮುಂದಿನ ಫೋಟೊಗೆ ಮುಂಚೆ ವಾಪಸ್ ಬಂದಿದೆಯಾ ನೋಡಿ.

ಮಳೆಗಾಲದ್ದೇ ದೊಡ್ಡ ತಲೆನೋವು. ತೀರ್ಥಹಳ್ಳಿ, ಆಗುಂಬೆ ಕಡೆ ಜೂನಿಂದ ಬಟ್ಟೆಗೇ ಬೂಷ್ಟು ಹಿಡಿಯುತ್ತೆ, ಇನ್ನು ಲೆನ್ಸ್ ಬಿಡುತ್ತಾ? ಲೆದರ್ ಕವರಲ್ಲಿ ಹಾಕಿ ಬೀರುಲಿ ಇಡ್ಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ನೀಲಿ ಹರಳು ಗುಲಾಬಿ ಆದ ತಕ್ಷಣ ಬದಲಾಯಿಸಿ. ವಾರಕ್ಕೊಂದ್ಸಲ ಹೊರಗೆ ತೆಗೆದು ನಾಲ್ಕು ಸಲ ಕ್ಲಿಕ್ ಮಾಡಿ, ರೋಲ್ ಇಲ್ದೇ ಇದ್ರೆ.