ಊರ ಕಟ್ಟಿಗೆಯ ಗಿಟಾರ್: ಧಾರವಾಡದಲ್ಲಿ ಮಾಡಿಸಿದ ಅನುಭವ

ಗಿಟಾರ್ ಮಾಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಮಾಡೆಲ್ ಆರಿಸುತ್ತಾರೆ. ಡ್ರೆಡ್‌ನಾಟ್ ಅನ್ನೋ ದೊಡ್ಡ ಬಾಡಿಯದು ಬೇಕಾ, ಸಣ್ಣ ಬಾಡಿ ಸಾಕಾ ಅಂತ ತೀರ್ಮಾನಿಸಿ ಆಮೇಲೆ ಮರ ಹುಡುಕುತ್ತಾರೆ. ಆಮದು ಮರವಾದರೆ ಇದು ನಡೆಯುತ್ತದೆ, ಅಳತೆಗೆ ಕೊಯ್ದ ಸೆಟ್ಟೇ ಸಿಗುತ್ತದೆ. ನಮ್ಮ ಕಡೆಯ ಮರದಲ್ಲೇ ಆಗಬೇಕು ಅಂದರೆ ಲೆಕ್ಕ ಉಲ್ಟಾ. ಯಾವ ಮರ ಸಿಕ್ಕಿತು, ಹಲಗೆ ಎಷ್ಟು ಅಗಲ ಬಂತು ಅನ್ನೋದೇ ಗಿಟಾರಿನ ಆಕಾರ ಹೇಳುತ್ತದೆ.

ನನಗೆ ಮಾಡಿಕೊಟ್ಟವರು ಮರಗೆಲಸದ ಮನೆತನದ ಹಿರಿಯರು, ನಾನು ಕಾಕಾ ಅನ್ನುತ್ತೇನೆ. ಸಿತಾರ್, ತಂಬೂರಿ, ಹಾರ್ಮೋನಿಯಂ ರಿಪೇರಿ ಮಾಡುತ್ತಲೇ ಗಿಟಾರ್ ಕೆಲಸವನ್ನೂ ಕಲಿತವರು. ಸಿತಾರ್ ರತ್ನ ರಹಿಮತ್ ಖಾನರು ನೆಲೆಸಿದ ಊರು ಇದು, ಇಂಥ ಕೈಗಳಿಗೆ ಕೆಲಸ ಇದ್ದೇ ಇರುತ್ತದೆ. ನಾನು ಡ್ರಾಯಿಂಗ್ ಬಿಚ್ಚಿದ ಕೂಡಲೇ, "ಅದನ್ನ ಮಡಚಿ ಇಡ್ರಿ. ಮೊದಲ ಕಟ್ಟಿಗಿ ನೋಡೂಣು" ಅಂದರು.

ಹಿಂಭಾಗಕ್ಕೂ ಪಕ್ಕಗಳಿಗೂ ಬೀಟೆ ಬೇಕು ಅಂತ ನನಗೆ ಮೊದಲಿಂದಲೂ ಇತ್ತು. ಜಗತ್ತಿನ ಗಿಟಾರ್ ಕಂಪನಿಗಳು ನಮ್ಮ ಬೀಟೆಗಾಗಿ ಕಾಯುತ್ತವೆ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ಬೀಟೆ ಬಿಟ್ಟು ನಮ್ಮದಕ್ಕೆ ಬಂತು. ಹೊಸದಾಗಿ ಕಡಿದ ಮರ ನನಗೆ ಬೇಡವಾಗಿತ್ತು. ಸರಿಯಾಗಿ ಒಣಗಲು ವರ್ಷಗಟ್ಟಲೆ ಬೇಕು, ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಕಾಗದಪತ್ರ ಬೇರೆ. ಹುಬ್ಬಳ್ಳಿಯ ಕಟ್ಟಿಗೆ ಅಡ್ಡೆಗಳಲ್ಲಿ ಹಳೇ ವಾಡೆ ಕೆಡವಿದಾಗ ಬಂದ ತೊಲೆ, ಚೌಕಟ್ಟು ಸಿಗುತ್ತವೆ. ಅಲ್ಲೇ ಒಂದು ಬೀಟೆ ತೊಲೆ ಸಿಕ್ಕಿತು. ಹಳೇದಾದರೂ ಬಿಲ್ ಇಲ್ಲದೆ ತರಬೇಡಿ. ಬೀಟೆ 2017ರ ಜನವರಿಯಿಂದ ಸೈಟಿಸ್ ಅನ್ನೋ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಬಂತು, ಆದರೂ ಮರ ಎಲ್ಲಿಂದ ಬಂತು ಅನ್ನೋ ಕಾಗದ ನಿಮ್ಮ ಹತ್ತಿರ ಇರಲಿ.

ತೊಲೆಯ ಅಗಲ ಆರು ಇಂಚು. ಗಿಟಾರಿನ ಹಿಂಭಾಗವನ್ನು ಸಾಮಾನ್ಯವಾಗಿ ಎರಡು ಹಲಗೆ ಜೋಡಿಸಿ ಮಾಡುತ್ತಾರೆ, ಅದಕ್ಕೆ ಎಂಟು ಇಂಚಾದರೂ ಬೇಕು. ಹಾಗಾಗಿ ಮೂರು ತುಂಡಿನ ಬೆನ್ನು ಮಾಡಿದೆವು. ಇದು ರಾಜಿ ಅಂತ ಯಾರೂ ತಿಳಿಯಬೇಕಾಗಿಲ್ಲ. 1965ರಲ್ಲಿ ಮಾರ್ಟಿನ್‌ನ ಡಿ-35 ಮಾಡೆಲ್ ಹುಟ್ಟಿದ್ದೇ ಹೀಗೆ. ಅಗಲದ ಬೀಟೆ ಸಿಗುವುದು ಕಷ್ಟವಾದಾಗ ಅವರು ಮೂರು ತುಂಡು ಜೋಡಿಸಿದರು, ಆ ಮಾಡೆಲ್ ಇವತ್ತಿಗೂ ಬರುತ್ತಿದೆ. ಅಗಲಕ್ಕಿಂತ ನಮ್ಮನ್ನು ಜಾಸ್ತಿ ಕಾಡಿದ್ದು ಮೊಳೆ ತೂತುಗಳು. ಪಕ್ಕದ ಪಟ್ಟಿಗೆ ತೂತಿಲ್ಲದ ಮೂವತ್ತೆರಡು ಇಂಚು ಉದ್ದ ಬೇಕು. ಸಾ ಮಿಲ್‌ಗೆ ಒಯ್ಯುವ ಮೊದಲು ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಯೇ ಎಲ್ಲಿ ಏನು ಬರಬೇಕು ಅಂತ ನಿರ್ಧರಿಸಿದೆವು.

ಗಿಟಾರಿನ ದನಿ ಹುಟ್ಟುವುದು ಮಾತ್ರ ಮುಂಭಾಗದ ಹಲಗೆಯಲ್ಲಿ. ರೂಢಿ ಇರೋದು ಸ್ಪ್ರೂಸ್, ಸೀಡರ್. ಎರಡೂ ನಮ್ಮ ಮರಗಳಲ್ಲ. ಮಿರಜ್‌ನ ಸಿತಾರ್‌ಗಳ ತಬ್ಲಿಗೆ, ಅಂದರೆ ಮುಂಭಾಗದ ಹಲಗೆಗೆ, ತೂನ್ ಮರ ಬಳಸುತ್ತಾರೆ, ಮಲೆನಾಡಿನ ಕಡೆ ಇದನ್ನು ಗಂಧಗರಿಗೆ ಅನ್ನುತ್ತಾರೆ. ರಿಪೇರಿಗೆ ಅಂತ ಕಾಕಾ ಎತ್ತಿಟ್ಟ ಹಲಗೆಗಳಲ್ಲಿ ಎರಡು ನೇರ ಎಳೆಯವು ಸಿಕ್ಕವು. ತೂನ್, ಬೇವು, ಮಹಾಗನಿ ಮೂರೂ ಒಂದೇ ಕುಟುಂಬದ ಮರಗಳು. ಮಹಾಗನಿ ಮುಂಭಾಗದ ಗಿಟಾರ್‌ಗಳು 1920ರ ದಶಕದಿಂದಲೂ ಇವೆ. ಅದಕ್ಕೇ ಧೈರ್ಯ ಬಂತು.

ತೂನ್ ಸ್ಪ್ರೂಸ್‌ಗಿಂತ ಸ್ವಲ್ಪ ಭಾರ, ಅದರಷ್ಟು ಬಿಗಿ ಅಲ್ಲ. ಸ್ಪ್ರೂಸ್‌ನ ಅಳತೆ ಇಟ್ಟುಕೊಂಡು ತೆಳ್ಳಗೆ ಮಾಡಿದರೆ ತಂತಿಯ ಎಳೆತಕ್ಕೆ ಬ್ರಿಡ್ಜ್ (ತಂತಿ ಕಟ್ಟುವ, ಮುಂಭಾಗಕ್ಕೆ ಅಂಟಿಸಿದ ಪಟ್ಟಿ) ಹಿಂದೆ ಹಲಗೆ ಉಬ್ಬುತ್ತದೆ. ಆರು ತಂತಿ ಸೇರಿ 70 ಕಿಲೋ ಆಸುಪಾಸು ಎಳೆಯುತ್ತವೆ, ಕಡಿಮೆ ಅಲ್ಲ. ಆರ್ಡರ್ ಚೀಟಿಯಲ್ಲಿ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಗಲ 44 ಮಿಲಿಮೀಟರ್, ತಂತಿಯ ಉದ್ದ 630 ಅಂತ ಬರೆಸಿದೆ. ಮುಂಭಾಗದ ದಪ್ಪದ ಜಾಗ ಖಾಲಿ ಬಿಟ್ಟೆ. ಅದನ್ನು ಕೈಯೇ ಹೇಳಬೇಕು. ಕಾಕಾ ಹಲಗೆಯನ್ನು ಮೂರೂವರೆ ಮಿಲಿಮೀಟರ್‌ಗೆ ತಂದು ನಿಂತರು. ಆಮೇಲೆ ಸ್ವಲ್ಪ ಹೆರೆಯೋದು, ಎರಡು ಬೆರಳಲ್ಲಿ ಹಿಡಿದು ಬಡಿಯೋದು, ಅಡ್ಡಕ್ಕೆ ಬಾಗಿಸಿ ನೋಡೋದು, ಮತ್ತೆ ಹೆರೆಯೋದು. ಮೊದಲು ದಪ್ಪಗೆ, ಮುಚ್ಚಿದ ಹಾಗೆ ಕೇಳುತ್ತಿದ್ದ ಸದ್ದು ನಿಧಾನಕ್ಕೆ ತೆರೆದುಕೊಂಡಿತು. "ಇನ್ನ ಹೆರದ್ರ ಸದ್ದು ಛಲೋ ಬರತೈತಿ, ಆದ್ರ ಬಾಳಿಕಿ ಬರಂಗಿಲ್ಲ" ಅಂತ ನಡುವೆ ಮೂರು ಮಿಲಿಮೀಟರ್ ಉಳಿಸಿ, ಅಂಚಿನಲ್ಲಷ್ಟೇ ತೆಳ್ಳಗೆ ಮಾಡಿದರು. ತಂತಿಯ ಉದ್ದ ಕಡಿಮೆ ಇಟ್ಟದ್ದೂ ಎಳೆತ ತಗ್ಗಲಿ ಅಂತಲೇ.

ಹಲಗೆಗೆ ಆಧಾರವಾಗಿ ಒಳಗಡೆ ಅಂಟಿಸುವ ಪಟ್ಟಿಗಳಿಗೆ ಸ್ಪ್ರೂಸ್ ತರಿಸಲು ನಾನು ಒಪ್ಪಿದೆ. ಹಗುರ, ಗಟ್ಟಿ ಎರಡೂ ಆಗಿರುವ ಅಂಥ ಮರ ನಮ್ಮ ಸುತ್ತ ಸಿಗಲಿಲ್ಲ. ಹಟಕ್ಕೆ ಬಿದ್ದು ದನಿ ಕೆಡಿಸಿಕೊಳ್ಳಬಾರದು, ಅಲ್ವಾ? ಬೆರಳಿಟ್ಟು ನುಡಿಸುವ ಫ್ರೆಟ್‌ಬೋರ್ಡಿಗೆ ದಾಂಡೇಲಿ ಕಡೆಯ ಮತ್ತಿ ಹಾಕಿದೆವು. ಕಂಪನಿ ಗಿಟಾರ್‌ಗಳಲ್ಲಿ ಈಗ ಇಂಡಿಯನ್ ಲಾರೆಲ್ ಅಂತ ಬರೋದು ಇದೇ ಮರ. ಕುತ್ತಿಗೆಗೆ ಹಳೇ ಸಾಗವಾನಿ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಅಸಿಟೋನ್‌ನಲ್ಲಿ ಒರೆಸಬೇಕು.

ಗಿಟಾರಿನ ಬಾಡಿ ಅಂಟಿಸುವ ಕೆಲಸಕ್ಕೆ ದೀಪಾವಳಿ ಮುಗಿಯುವ ತನಕ ಕಾದೆವು. ಧಾರವಾಡದ ಮಳೆಗಾಲದಲ್ಲಿ ಮರ ತೇವ ಕುಡಿದು ಹಿಗ್ಗಿರುತ್ತದೆ. ಆಗ ಮುಚ್ಚಿದರೆ ಬೇಸಿಗೆಯಲ್ಲಿ ಕುಗ್ಗಿ ಹಲಗೆ ಸೀಳುತ್ತದೆ. ಕೋಣೆಯ ತೇವ ನೂರಕ್ಕೆ 45ರಿಂದ 50ರ ಒಳಗೆ ಬಂದ ಮೇಲೆಯೇ ಅಂಟು ಹಚ್ಚಿದ್ದು. ನಿಮ್ಮ ಕುಶಲಕರ್ಮಿಯ ಹತ್ತಿರ ತೇವ ತೋರಿಸುವ ಮೀಟರ್ ಇಲ್ಲದಿದ್ದರೆ ನೀವೇ ಒಂದು ಕೊಡಿಸಿ. ದೊಡ್ಡ ಖರ್ಚಲ್ಲ.

ಮೇಲೆ ಅರಗಿನ ಫ್ರೆಂಚ್ ಪಾಲಿಶ್. ತೆಳ್ಳಗಿರುತ್ತದೆ, ದನಿ ಅಮುಕುವುದಿಲ್ಲ. ಗೀರು ಬೇಗ ಬೀಳುತ್ತದೆ, ಬೆವರಿಗೂ ಸೂಕ್ಷ್ಮ.

ದನಿ ಹೇಗಿದೆ? ಸ್ಪ್ರೂಸ್‌ನ ಹೊಳಪು ಇದರಲ್ಲಿಲ್ಲ. ಸ್ವರ ಮೆತ್ತಗೆ ಏಳುತ್ತದೆ, ಬೇಗ ಇಳಿಯುತ್ತದೆ. ಜೋರಾಗಿ ಸ್ಟ್ರಮ್ ಮಾಡಿದರೆ ಒಂದು ಮಟ್ಟದ ಮೇಲೆ ಏರುವುದಿಲ್ಲ. ದೊಡ್ಡ ವೇದಿಕೆಯಲ್ಲಿ ಬಾರಿಸುವವರಿಗೆ ನಾನು ಇದನ್ನು ಹೇಳಲಾರೆ. ಭಾವಗೀತೆ, ತತ್ವಪದ ಹಾಡುತ್ತ ಬೆರಳಲ್ಲಿ ನುಡಿಸುವ ನನಗೆ ಇದೇ ಬೇಕಿತ್ತು. ಹಾಡುವ ದನಿಗೆ ಜಾಗ ಬಿಡುತ್ತದೆ.

ಒಂದು ಮಾತು ಆರ್ಡರ್ ಕೊಡುವಾಗಲೇ ಹೇಳಿಬಿಡಿ: ಎಲುಬಿನ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಎರಡು ಬೇಕು ಅಂತ. ಆಷಾಢದ ತೇವಕ್ಕೆ ಮುಂಭಾಗ ಉಬ್ಬಿ ತಂತಿ ಮೇಲೇಳುತ್ತದೆ, ಬೇಸಿಗೆಯಲ್ಲಿ ಕೆಳಗಿಳಿಯುತ್ತದೆ. ಗಿಟಾರ್ ಇಡುವ ನನ್ನ ಪೆಟ್ಟಿಗೆಯಲ್ಲಿ ಎರಡನೇ ಸ್ಯಾಡಲ್ ಅರ್ಧ ಮಿಲಿಮೀಟರ್ ಗಿಡ್ಡ ಇದೆ. ಮಳೆ ಹಿಡಿದಾಗ ತಂತಿ ಸಡಿಲಿಸಿ ಅದನ್ನು ಹಾಕುತ್ತೇನೆ, ಚಳಿಗಾಲಕ್ಕೆ ಮತ್ತೆ ಎತ್ತರದ್ದು.